ನಕ್ಷೆಯಲ್ಲಿ ಮಾತ್ರ ಇದ್ದ ರಸ್ತೆ

ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ಹೊಸ ಟೀಚರ್ ಒಂದು ಸಂಜೆ ಫೋನ್ ಮಾಡಿದರು. ಸಮಾಜ ವಿಜ್ಞಾನದ ಪಾಠದ ಜೊತೆಗೆ ಮಕ್ಕಳಿಗೆ ಆನ್‌ಲೈನ್ ನಕ್ಷೆಯನ್ನೂ ಕಲಿಸಬೇಕಂತೆ, ಅಕ್ಷಾಂಶ ರೇಖಾಂಶದಿಂದ ಶುರು ಮಾಡಲೋ, ಉಪಗ್ರಹದಿಂದಲೋ ಎಂದು ಕೇಳಿದರು. ಎರಡೂ ಬೇಡ, ಮಕ್ಕಳ ಮನೆಯ ಮಾಡಿನಿಂದ, ಅಂದರೆ ಛಾವಣಿಯಿಂದ, ಶುರು ಮಾಡಿ ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರೋ ಏನೋ. ತಮಾಷೆ ಅಲ್ಲ ಎಂದು ವಿವರಿಸಲು ಹೊರಟರೆ ಫೋನಿನ ಚಾರ್ಜ್ ಮುಗಿದೀತು ಅನ್ನಿಸಿ ಬರೆಯಲು ಕೂತಿದ್ದೇನೆ. ನಾನು ಯಾವಾಗ ಕೆಲಸಕ್ಕೆ ಸೇರಿದೆ, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದರಲ್ಲಿ ಹೇಳುವಂಥದ್ದು ಏನೂ ಇಲ್ಲ. ವಾಮದಪದವಿನಿಂದ ಸ್ವಲ್ಪ ಒಳಗಿರುವ ಸಣ್ಣ ಪ್ರೌಢಶಾಲೆಯಲ್ಲಿ ಕಳೆದ ಕೊನೆಯ ಕೆಲವು ವರ್ಷಗಳನ್ನಷ್ಟೇ ಹೇಳುತ್ತೇನೆ. ಮಾಸ್ತರಿಕೆಯಲ್ಲಿ ನಾನು ಅಷ್ಟು ನಕ್ಕದ್ದು ಬೇರೆ ಯಾವ ವರ್ಷಗಳಲ್ಲೂ ಇಲ್ಲ.

ಅದಕ್ಕಿಂತ ಮೊದಲು ನಕ್ಷೆ ಎಂದರೆ ನಮಗೆ ಬಟ್ಟೆಗೆ ಅಂಟಿಸಿದ ದೊಡ್ಡ ಸುರುಳಿ. ಮೇಲೊಂದು ಕೋಲು, ಕೆಳಗೊಂದು ಕೋಲು. ಗೋಡೆಯ ಮೊಳೆಗೆ ನೇತುಹಾಕಿ ಬೆತ್ತದ ತುದಿಯಿಂದ ಗಂಗೆ, ಯಮುನೆ ತೋರಿಸುವುದು. ನಮ್ಮ ಶಾಲೆಯ ಸುರುಳಿಯಲ್ಲಿ ಅರಬ್ಬಿ ಸಮುದ್ರದ ಒಂದು ಭಾಗವನ್ನು ಗೆದ್ದಲು ತಿಂದಿತ್ತು. ಲಕ್ಷದ್ವೀಪ ಎಲ್ಲಿದೆ ಎಂದು ಕೇಳಿದರೆ ಮಕ್ಕಳು ಆ ತೂತನ್ನೇ ತೋರಿಸುತ್ತಿದ್ದರು. ನಾನೂ ಸರಿ ಎಂದು ಅಂಕ ಕೊಡುತ್ತಿದ್ದೆ.

ಹೀಗಿರುವಾಗ ಮೂಡುಬಿದಿರೆಯಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಕಲಿಸುವ ತರಬೇತಿ ಉಂಟೆಂದು ಸುತ್ತೋಲೆ ಬಂತು. ನಮ್ಮ ಹೆಡ್‌ಮಾಸ್ತರರು ಧರಣೇಂದ್ರ ಸರ್. ಬೆಳ್ಳನೆಯ ಅಂಗಿ ತೊಟ್ಟು ಸದಾ ಕೈಯಲ್ಲಿ ಕೊಡೆ ಹಿಡಿದುಕೊಂಡಿರುವ, ಯಾವುದಕ್ಕೂ ದನಿ ಏರಿಸದ ಮನುಷ್ಯ. ಅವರು ಸ್ಟಾಫ್ ರೂಮಿಗೆ ಬಂದು ಯಾರು ಹೋಗುತ್ತೀರಿ ಎಂದು ಕೇಳಿದರು. ಎಲ್ಲರೂ ಉತ್ತರ ಪತ್ರಿಕೆಗಳ ಮೇಲೆ ಬಗ್ಗಿದರು. ನಾನು ಆಗ ತಾನೇ ಚಹಾ ಕುಡಿಯಲೆಂದು ತಲೆ ಎತ್ತಿದ್ದೆ. ಹಾಗಾಗಿ ನಾನು ಹೋದೆ.

ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್. ಪರದೆಯ ಮೇಲೆ ಭೂಮಿ ಉರುಟಾಗಿ ನಿಂತಿತ್ತು. ಮೌಸಿನಿಂದ ಸ್ವಲ್ಪ ದೂಡಿ ನೋಡಿ ಎಂದಳು ಕಲಿಸುವ ಹುಡುಗಿ. ನಾನು ದೂಡಿದ್ದು ಸ್ವಲ್ಪ ಜಾಸ್ತಿಯಾಯಿತು. ಭೂಮಿ ಬುಗುರಿಯ ಹಾಗೆ ತಿರುಗಿತು. ನನಗೆ ನಿಜಕ್ಕೂ ತಲೆ ತಿರುಗಿ ಮೇಜು ಹಿಡಿದುಕೊಂಡೆ. ಮೌಸಿನ ಚಕ್ರ ತಿರುಗಿಸಿದಾಗ ಕೆಳಗೆ ಕೆಳಗೆ ಇಳಿಯತೊಡಗಿದೆ. ಇಳಿದಷ್ಟೂ ನೀಲಿ. ಕಂಪ್ಯೂಟರ್ ಕೆಟ್ಟಿತೆಂದು ಕೈ ಎತ್ತಿದೆ. ಆ ಹುಡುಗಿ ಬಂದು ನೋಡಿ, ಕೆಟ್ಟದ್ದಲ್ಲ ಮೇಡಂ, ನೀವು ಪೆಸಿಫಿಕ್ ಸಾಗರದ ಮಧ್ಯದಲ್ಲಿ ಇದ್ದೀರಿ ಎಂದಳು.

ಅವಳೇ ನನ್ನನ್ನು ಅಲ್ಲಿಂದ ಎತ್ತಿ ಕರಾವಳಿಗೆ ತಂದು ಬಿಟ್ಟಳು. ನೇತ್ರಾವತಿಯನ್ನು ಹಿಡಿದುಕೊಂಡು ಮೆಲ್ಲ ಮೇಲೆ ಹೋದೆ. ಒಂದು ಕಡೆ ಹೊಳೆಗೆ ಅಡ್ಡವಾಗಿ ಎರಡು ಗೆರೆ, ಒಂದು ಸಪೂರ, ಒಂದು ಅಗಲ. ಪಾಣೆಮಂಗಳೂರಿನ ಹಳೆಯ ಸೇತುವೆ ಮತ್ತು ಹೊಸ ಸೇತುವೆ. ನಾನು ಹುಟ್ಟಿದ್ದು ಆ ಸೇತುವೆಯ ಬುಡದಲ್ಲಿ. ಅಲ್ಲಿಂದ ಪೇಟೆಯ ರಸ್ತೆ, ರಸ್ತೆಯಿಂದ ಓಣಿ, ಓಣಿಯ ಕೊನೆಯಲ್ಲಿ ಕೆಂಪು ಹೆಂಚಿನ ಒಂದು ಚೌಕ. ಅಮ್ಮನ ಮನೆ. ಅಂಗಳದಲ್ಲಿ ಬಿಳಿ ಚುಕ್ಕಿಗಳಿದ್ದವು. ಒಣಗಿಸಲು ಹಾಕಿದ ಬಟ್ಟೆಗಳು. ನಾನು ಎದ್ದು ನಿಂತು ಪಕ್ಕದ ಬೆಳ್ತಂಗಡಿಯ ಟೀಚರನ್ನು ಕರೆದೆ. ಅವರು ತಿರುಗಲೇ ಇಲ್ಲ. ಅವರೂ ಯಾವುದೋ ಮಾಡಿನ ಮೇಲೆ ಬೆರಳಿಟ್ಟು ಒಬ್ಬರೇ ನಗುತ್ತಿದ್ದರು. ಊಟಕ್ಕೆ ಕರೆದರೆ ಒಬ್ಬರೂ ಏಳಲಿಲ್ಲ. ಸಂಜೆ ಬಸ್ಸಿನಲ್ಲಿ ಬರುವಾಗ ಕಿಟಕಿಯಿಂದ ಕಂಡ ಪ್ರತಿ ಮನೆಯೂ ಮೇಲಿಂದ ಹೇಗೆ ಕಾಣುತ್ತದೋ ಎಂದು ಯೋಚಿಸುತ್ತ ನನ್ನ ಸ್ಟಾಪ್ ದಾಟಿ ಮುಂದಿನ ಸ್ಟಾಪಿನಲ್ಲಿ ಇಳಿದೆ.

ಇಷ್ಟೆಲ್ಲ ಆದ ಮೇಲೂ ಶಾಲೆಯಲ್ಲಿ ಮೊದಲ ಪಾಠವನ್ನು ಅಕ್ಷಾಂಶದಿಂದಲೇ ಶುರು ಮಾಡಿದೆ ನೋಡಿ. ಮಾಸ್ತರಿಕೆಯ ಅಭ್ಯಾಸ. ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರುಗಳು ಸ್ವಲ್ಪವೇ ಇದ್ದವು. ಇಂಟರ್‌ನೆಟ್ ಎಂದರೆ ಕಿಟಕಿಯ ದಳಿಯಲ್ಲಿ ಇಟ್ಟ ನನ್ನ ಫೋನ್. ನಾನು ಬೋರ್ಡಿನಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆಯುತ್ತಿದ್ದೆ. ಹಿಂದೆ ಗುಸುಗುಸು. ತಿರುಗಿ ನೋಡಿದರೆ ಮಕ್ಕಳೆಲ್ಲ ತಮ್ಮ ತಮ್ಮ ಮನೆಯ ಮಾಡಿನ ಮೇಲೆ ಇಳಿದುಬಿಟ್ಟಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ರಕ್ಷಿತಾ ಎಂಬ ಹುಡುಗಿಯಂತೂ ದನದ ಹಟ್ಟಿಗೆ ಹೊದೆಸಿದ ನೀಲಿ ಟಾರ್ಪಾಲು ಕಂಡು ಖುಷಿಯಲ್ಲಿ ಬೆಂಚಿನ ಮೇಲೆ ಹತ್ತಿದ್ದಳು. ನಾನು ಸೀಮೆಸುಣ್ಣ ಕೆಳಗಿಟ್ಟೆ. ಆ ವರ್ಷ ಅಕ್ಷಾಂಶ ಕಲಿತದ್ದು ತುಂಬ ತಡವಾಗಿ, ಆದರೆ ಒಬ್ಬರೂ ಮರೆಯಲಿಲ್ಲ. ತನ್ನ ಮನೆಯ ಅಕ್ಷಾಂಶವನ್ನು ಯಾರು ಮರೆಯುತ್ತಾರೆ?

ಗಲಾಟೆ ಕೇಳಿ ಧರಣೇಂದ್ರ ಸರ್ ಬಂದರು. ಅವರಿಗೆ ಆಗ ಪರದೆಯಲ್ಲಿ ಕಾಣುವುದು ಆ ಕ್ಷಣದ ದೃಶ್ಯವೆಂದೇ ಅಂದಾಜು. ಸ್ವಲ್ಪ ಹೊತ್ತು ನೋಡಿ, ನಾನು ಮೈದಾನದಲ್ಲಿ ನಿಲ್ತೇನೆ, ಕಾಣ್ತದಾ ಹೇಳಿ ಎಂದು ನಾನು ಬಾಯಿ ತೆರೆಯುವ ಮೊದಲೇ ಹೊರಟರು. ಬಿಸಿಲಲ್ಲಿ ಮೈದಾನದ ನಡುವೆ ನಿಂತು ಕೊಡೆ ಬಿಡಿಸಿ ಆಕಾಶದ ಕಡೆಗೆ ಆಡಿಸಿದರು. ಮಕ್ಕಳು ಕಿಟಕಿಗೆ ಮುಗಿಬಿದ್ದರು. ಪರದೆಯಲ್ಲಿ ಸರ್ ಇಲ್ಲ, ಅವರ ಕಾಲದಲ್ಲೇ ಕಟ್ಟಿಸಿದ ಹೊಸ ಕ್ಲಾಸ್ ರೂಮೂ ಇಲ್ಲ. ಅವರು ಬೆವರು ಒರೆಸಿಕೊಂಡು ಬಂದಾಗ ಅಫ್ರೀನಾ ಎಂಬ ಹುಡುಗಿ ಮೆಲ್ಲ ಹೇಳಿದಳು, ಇದು ಹಳೇ ಫೋಟೊ ಸರ್, ಇದರಲ್ಲಿ ಹೊಸ ರೂಮೇ ಇಲ್ಲ. ಸರ್ ಕನ್ನಡಕ ಸರಿಮಾಡಿ ನೋಡಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಉಪಗ್ರಹದ ಚಿತ್ರಕ್ಕೂ ತಾರೀಕು ಇರುತ್ತದೆ, ಅದನ್ನು ಮೊದಲು ನೋಡಬೇಕು ಎಂಬ ಪಾಠ ನಾನು ಒಂದು ಮಾತನ್ನೂ ಆಡದೆ ಆ ದಿನ ಮುಗಿಯಿತು. ಪೋಷಕರ ಸಭೆಯಲ್ಲಿ ಆ ಕಥೆಯನ್ನು ಸರ್ ತಾವೇ ಹೇಳುತ್ತಿದ್ದರು.

ಅಫ್ರೀನಾಳ ತಂದೆ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದರು. ಅವಳು ಹುಟ್ಟಿದಾಗಿನಿಂದ ಅವರು ಅಲ್ಲೇ, ರಜೆಯಲ್ಲಿ ಬಂದು ಹೋಗುವುದು. ಅವರು ಇರುವ ಜಾಗ ಹೇಗುಂಟು ಎಂದು ಅವಳು ಒಮ್ಮೆಯೂ ನೋಡಿರಲಿಲ್ಲ. ಒಂದು ಶುಕ್ರವಾರ, ಅವರಿಗೆ ರಜೆ ಇರುವ ದಿನ, ತರಗತಿಯಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆವು. ಅವರು ಅಲ್ಲಿಂದ ದಾರಿ ಹೇಳುವುದು, ನಾವು ಇಲ್ಲಿ ಹುಡುಕುವುದು. ಮಸೀದಿಯ ಎಡಕ್ಕೆ ತಿರುಗಿ, ಮುಂದೆ ಉರುಟು ಸರ್ಕಲ್, ಅದರಾಚೆ ಉದ್ದ ಗೋದಾಮು ಎಂದು ಹೇಳುತ್ತ ಹೋದರು. ಇಡೀ ಕ್ಲಾಸು ಮರಳಿನ ಬಣ್ಣದ ಊರಿನಲ್ಲಿ ಅಲೆದು ಅಲೆದು ಕೊನೆಗೆ ನೀರಿನ ಟ್ಯಾಂಕಿ ಇರುವ ಒಂದು ಚಪ್ಪಟೆ ಮಾಡಿಗೆ ಬಂದು ನಿಂತಿತು. ಅದೇ, ಅದೇ ಎಂದರು ಅವರು. ಅಫ್ರೀನಾ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಅಷ್ಟರಲ್ಲಿ ಅವರೂ ಅಲ್ಲಿ ತಮ್ಮ ಫೋನಿನಲ್ಲಿ ನಮ್ಮ ಊರನ್ನು ತೆರೆದಿದ್ದರು. ಆಮೇಲೆ, ಬಾವಿಯ ಹತ್ತಿರದ ತೆಂಗಿನ ಮರ ಎಲ್ಲಿ ಹೋಯಿತು, ನನಗೆ ಯಾರೂ ಹೇಳಲೇ ಇಲ್ಲವಲ್ಲ ಎಂದರು. ಅವರು ಕಳೆದ ಸಲ ಬಂದು ಹೋದ ವರ್ಷವೇ ಅದು ಬಿದ್ದಿತ್ತು. ಅವರಿಗೆ ಬೇಜಾರಾಗುತ್ತದೆಂದು ಮನೆಯವರು ಮುಚ್ಚಿಟ್ಟಿದ್ದರು. ಮರ ಹೋದ ಸುದ್ದಿ ನಮ್ಮ ಕ್ಲಾಸಿನಿಂದಾಗಿ ಕಡಲು ದಾಟಿತು. ಅಫ್ರೀನಾ ಅಳುವಾಗಲೇ ನಗುತ್ತಿದ್ದಳು, ಅವಳನ್ನು ನೋಡಿ ನಾವೂ.

ಇನ್ನು ನನ್ನ ಎಡವಟ್ಟು. ಹಂಚಿಕೊಳ್ಳುವ ನಕ್ಷೆ ಎಂದು ಒಂದುಂಟು. ಅದರಲ್ಲಿ ಎಲ್ಲರೂ ಸೇರಿ ತಮಗೆ ಗೊತ್ತಿರುವ ಜಾಗಗಳಿಗೆ ಗುರುತು ಹಾಕಬಹುದು. ನಮ್ಮ ಊರು ಎಂದು ಹೆಸರಿಟ್ಟು ಮಕ್ಕಳಿಗೆ ಬಿಟ್ಟುಕೊಟ್ಟೆ. ಬಾವಿ, ಅಂಗನವಾಡಿ, ಬಸ್ ಸ್ಟಾಪು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಹೀಗೆ: 'ಇಲ್ಲಿ ಒಳ್ಳೇ ಮಾವಿನ ಮರ ಉಂಟು, ಮನೆಯವರು ಮಧ್ಯಾಹ್ನ ಮಲಗ್ತಾರೆ.' 'ಇಲ್ಲಿ ಕಚ್ಚುವ ನಾಯಿ ಉಂಟು.' ನಾಯಿಗಳದ್ದೇ ಒಂದು ಪ್ರತ್ಯೇಕ ಬಣ್ಣ ಮಾಡಿ, ಕಚ್ಚುವುದಕ್ಕೆ ಕೆಂಪು, ಬರೇ ಅಟ್ಟಿಸಿಕೊಂಡು ಬರುವುದಕ್ಕೆ ಹಳದಿ ಎಂದು ಮೂಲೆಯಲ್ಲಿ ಚೆಂದಕ್ಕೆ ಸೂಚಿ ಬೇರೆ ಕೊಟ್ಟಿದ್ದರು. ಚಿಹ್ನೆ, ಸೂಚಿ ಎಲ್ಲ ನಾನು ಕಲಿಸಿದ್ದೇ. ತಪ್ಪು ಹಿಡಿಯಲು ಏನೂ ಇರಲಿಲ್ಲ. ಆದರೆ ಆ ನಕ್ಷೆ ಲೋಕಕ್ಕೆಲ್ಲ ಕಾಣುವಂತೆ ತೆರೆದಿಟ್ಟಿದ್ದೇನೆಂದು ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಶಾಲೆಯ ಹತ್ತಿರವೇ ಮನೆ ಇರುವ ಸಂಜೀವ ಶೆಟ್ಟರು ಬಂದಾಗ. ಬೊಂಬಾಯಿಯಲ್ಲಿದ್ದ ಅವರ ಮಗಳು ನಕ್ಷೆ ನೋಡಿ ಫೋನ್ ಮಾಡಿದ್ದಳಂತೆ. ಅವರು ಸ್ಟಾಫ್ ರೂಮಿನಲ್ಲಿ ಕೂತು ನೀರು ಕುಡಿದು ನಿಧಾನಕ್ಕೆ ಹೇಳಿದರು:

"ಟೀಚರ್, ಮಾವಿನ ಮರದ್ದು ಅಡ್ಡಿಯಿಲ್ಲ. ನಾವು ಮಲಗುವುದೂ ಹೌದು. ಆದ್ರೆ ನಮ್ಮ ನಾಯಿ ಕಚ್ಚುವುದಿಲ್ಲ. ಅದಕ್ಕೆ ಸುಮ್ಮನೆ ಕೆಂಪು ಹಾಕಿದ್ದಾರೆ."

ನಾನು ಕ್ಷಮೆ ಕೇಳಿದೆ. ಮಕ್ಕಳನ್ನು ಕರೆಸಿದೆ. ಮಕ್ಕಳು ಚರ್ಚೆ ಮಾಡಿ ನಾಯಿಯನ್ನು ಹಳದಿಗೆ ಇಳಿಸಿ, ಪಕ್ಕದಲ್ಲಿ 'ಕಚ್ಚುವುದಿಲ್ಲ ಎಂದು ಮನೆಯವರು ಹೇಳ್ತಾರೆ' ಎಂದು ಬರೆದರು. ಶೆಟ್ಟರಿಗೆ ಸಮಾಧಾನವಾಯಿತು, ಹೋಗುವಾಗ ಮಾವಿನ ಹಣ್ಣು ಕಳಿಸುತ್ತೇನೆ ಎಂದರು, ಕಳಿಸಿದರು ಕೂಡ. ಆದರೂ ಅಂದೇ ಆ ನಕ್ಷೆಯ ಬಾಗಿಲು ಹಾಕಿ, ಕ್ಲಾಸಿನವರಿಗೆ ಮಾತ್ರ ಕಾಣುವಂತೆ ಮಾಡಿದೆ. ಇನ್ನೊಬ್ಬರ ಮನೆಗೆ ಗುರುತು ಹಾಕುವ ಮೊದಲು ಅವರನ್ನು ಕೇಳಬೇಕು ಎಂಬುದನ್ನು ಕಲಿಸಬೇಕಾದದ್ದು ಎಲ್ಲಕ್ಕಿಂತ ಮೊದಲು. ಹೊಸಬರು ನನ್ನ ಹಾಗೆ ನಾಯಿಯಿಂದ ಕಲಿಯುವುದು ಬೇಡ.

ಈಗ ರಸ್ತೆಯ ವಿಷಯಕ್ಕೆ ಬರುತ್ತೇನೆ.

ಮನೆಯಿಂದ ಶಾಲೆಗೆ ಎಷ್ಟು ದೂರ ಎಂದು ನಕ್ಷೆಯಲ್ಲಿ ಅಳೆಯುವ ಪಾಠ ನಡೆದಿತ್ತು. ಎಲ್ಲರೂ ಬರೆದುಕೊಂಡರು, ರಕ್ಷಿತಾ ಮಾತ್ರ ಪೆನ್ನು ಕಚ್ಚುತ್ತ ಕೂತಿದ್ದಳು. ಹತ್ತಿರ ಹೋದಾಗ, "ಟೀಚರ್, ಇದರಲ್ಲಿ ನಮ್ಮ ಅಂಗಳದಲ್ಲಿ ರಸ್ತೆ ಉಂಟು. ನಮ್ಮ ಅಂಗಳದಲ್ಲಿ ರಸ್ತೆ ಇಲ್ಲ" ಎಂದಳು.

ನಕ್ಷೆಯಲ್ಲಿ ಒಂದು ಬಿಳಿ ಗೆರೆ ಅವರ ಮನೆಯ ಅಂಗಳಕ್ಕೆ ಬಂದು, ಹಟ್ಟಿಯ ಪಕ್ಕದಲ್ಲೇ ಹಾದು, ಹಿಂದಿನ ತೋಡನ್ನು, ಅಂದರೆ ಹಳ್ಳವನ್ನು, ದಾಟಿ ಆಚೆ ಬದಿಯ ಡಾಮರು ರಸ್ತೆಗೆ ಸೇರುತ್ತಿತ್ತು. ಅಲ್ಲಿ ನಿಜಕ್ಕೂ ಇದ್ದದ್ದು ಒಂದು ಸಂಕ. ಅಡಿಕೆ ಮರದ ಕಾಂಡಗಳನ್ನು ಜೋಡಿಸಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದ ಕಾಲುಸೇತುವೆ. ಮಳೆಗಾಲದಲ್ಲಿ ತೋಡು ತುಂಬಿ ಅದೂ ಇರುವುದಿಲ್ಲ. ಆಗ ರಕ್ಷಿತಾ ದೊಡ್ಡ ರಸ್ತೆಯಲ್ಲಿ ಸುತ್ತು ಹಾಕಿ ಬರಬೇಕು. ಜೂನ್ ತಿಂಗಳಿನಿಂದ ಅವಳು ದಿನಾ ತಡವಾಗಿ ಬರುವುದಕ್ಕೆ ಕಾರಣ ಅದು.

ಆ ಸುಳ್ಳು ರಸ್ತೆಯನ್ನು ನಂಬಿ ವಾಹನಗಳು ಬರುತ್ತಿದ್ದವು. ಪಾರ್ಸೆಲ್ ತರುವವರು, ಕುರ್ಚಿ ಹೇರಿಕೊಂಡ ಪಿಕಪ್, ಮಂಗಳೂರಿನ ಕಾರುಗಳು. ಎಲ್ಲರೂ ಹಟ್ಟಿಯ ಹತ್ತಿರ ಬಂದು ನೀರು ನೋಡಿ ನಿಲ್ಲುವುದು. ರಕ್ಷಿತಾಳ ಅಜ್ಜಿ ಕಲ್ಯಾಣಿಯಮ್ಮ ಎಲ್ಲರಿಗೂ ಬೆಲ್ಲ, ನೀರು ಕೊಟ್ಟು, ಗಾಡಿ ಹಿಂದೆ ತೆಗೆಯಲು ಕೈ ತೋರಿಸಿ ಕಳಿಸುವುದು. ಅದು ನಗುವ ವಿಷಯ. ನಗಲಾಗದ್ದು ಇನ್ನೊಂದು. ಅಲ್ಲಿ ಸೇತುವೆ ಬೇಕೆಂದು ಊರವರು ಕೊಟ್ಟ ಅರ್ಜಿ ಹಿಂದೆ ಬಂದಿತ್ತು. ಮೇಲಿನ ಯಾವುದೋ ಕಚೇರಿಯಲ್ಲಿ ಯಾರೋ ಫೋನಿನಲ್ಲಿ ನಕ್ಷೆ ತೆರೆದು ನೋಡಿ, ಅಲ್ಲಿ ರಸ್ತೆ ಇದೆಯಲ್ಲ ಎಂದರಂತೆ. ಇದನ್ನು ಹೇಳಿದವಳೂ ರಕ್ಷಿತಾ. ನಿಜವಾದ ರಸ್ತೆ ಬರಬೇಕಾದರೆ ಮೊದಲು ಸುಳ್ಳು ರಸ್ತೆಯನ್ನು ಅಳಿಸಬೇಕಿತ್ತು.

ಆನ್‌ಲೈನ್ ನಕ್ಷೆಯಲ್ಲಿ ತಪ್ಪಿದ್ದರೆ ಯಾರು ಬೇಕಾದರೂ ಬರೆದು ತಿಳಿಸಬಹುದು. ನಾವು ಬರೆದೆವು. ಒಂದು ವಾಕ್ಯ ಬರೆಯಲು ಒಂದು ಪೀರಿಯಡ್ ಹಿಡಿಯಿತು. ಒಬ್ಬ ಹುಡುಗ 'ನಂಬಿಕೆ ಇಲ್ಲದಿದ್ದರೆ ನೀವೇ ಬಂದು ತೋಡಿಗೆ ಬಿದ್ದು ನೋಡಿ' ಎಂದು ಸೇರಿಸಬೇಕೆಂದು ಹಟ ಹಿಡಿದ. ನಾನು ಅದನ್ನು ತೆಗೆದೆ. ಕೆಲವು ದಿನಗಳ ಮೇಲೆ ಉತ್ತರ ಬಂತು, ಪರಿಶೀಲಿಸಲು ಸಾಧ್ಯವಾಗಲಿಲ್ಲ, ಬದಲಾವಣೆ ಇಲ್ಲ. ಮತ್ತೆ ಬರೆದೆವು. ಮತ್ತೆ ಅದೇ ಉತ್ತರ. ತಾನು ಬರೆದ ವಾಕ್ಯ ಸೇರಿಸಿದ್ದರೆ ಆಗುತ್ತಿತ್ತು ಎಂದ ಆ ಹುಡುಗ.

ಹಾಗಾದರೆ ಫೋಟೊ ತೆಗೆದು, ನಡೆದ ದಾರಿಯನ್ನು ಫೋನಿನಲ್ಲಿ ದಾಖಲಿಸಿ ಕಳಿಸುವ ಎಂದು ತೀರ್ಮಾನವಾಯಿತು. ಮಳೆ ಮುಗಿದು ಸಂಕ ಮತ್ತೆ ಕಟ್ಟಿದ್ದ ದಿನಗಳು. ಒಂದು ಭಾನುವಾರ ಬೆಳಿಗ್ಗೆ ಮನೆಯವರ ಒಪ್ಪಿಗೆ ಪಡೆದ ಮಕ್ಕಳನ್ನು ಕರೆದುಕೊಂಡು ರಕ್ಷಿತಾಳ ಮನೆಗೆ ಹೋದೆ. ಸಂಕ ದಾಟಿ ಆಚೆ ಹೋದೆವು, ಈಚೆ ಬಂದೆವು, ಫೋನಿನಲ್ಲಿ ನಮ್ಮ ದಾರಿ ಚುಕ್ಕಿ ಚುಕ್ಕಿಯಾಗಿ ಮೂಡಿತು. ಆಚೆ ಬದಿಯಲ್ಲಿ ವಾಹನ ಬರಬಹುದಾದ ಕೊನೆಯ ಜಾಗಕ್ಕೆ ಅಫ್ರೀನಾ ಗುರುತು ಹಾಕಿದಳು. ಇನ್ನೇನು ಕಲ್ಯಾಣಿಯಮ್ಮ ಕೊಟ್ಟ ನೀರುದೋಸೆಗೆ ಕೈ ಹಾಕಬೇಕು, ಅಷ್ಟರಲ್ಲಿ ಹಾರ್ನ್ ಕೇಳಿತು.

ಮಾರ್ಗದ ತಿರುವಿನಿಂದ ಒಂದು ದೊಡ್ಡ ಬಸ್ಸು ಗೊಂಡೆ ಹೂವಿನ ಮಾಲೆ ಹಾಕಿಕೊಂಡು ಅಂಗಳಕ್ಕೆ ಬಂತು. ಎದುರಿನ ಗಾಜಿನಲ್ಲಿ ಮದುವೆಯ ಬೋರ್ಡು. ನಾರಾವಿಯ ಕಡೆಯ ಜೈನರ ಮದುಮಗನ ದಿಬ್ಬಣ. ಮದುವೆ ಇದ್ದದ್ದು ತೋಡಿನ ಆಚೆ ಬದಿಯ ಸಭಾಭವನದಲ್ಲಿ. ಚಾಲಕ ಈ ಕಡೆಗೆ ಹೊಸಬ. ಹತ್ತಿರದ ದಾರಿ ಎಂದು ಫೋನು ಹೇಳಿದಂತೆ ತಿರುಗಿಸಿದ್ದ. ಅವನು ಇಳಿದು ತೋಡು ನೋಡಿದ, ಫೋನು ನೋಡಿದ, ಪುನಃ ತೋಡು ನೋಡಿದ. ಬಸ್ಸಿನಿಂದ ಪೇಟ ಸುತ್ತಿದ ಮದುಮಗ ಇಳಿದ. ಅವನ ಹಿಂದೆ ಸೋದರಮಾವ. ಅವರ ಹಿಂದೆ ಜರಿ ಸೀರೆಗಳ ಸಾಲು.

ಅಂಗಳದಲ್ಲಿ ಬಸ್ಸು ತಿರುಗಿಸಲು ಜಾಗವಿರಲಿಲ್ಲ. ಆ ಸಪೂರ ಮಾರ್ಗದಲ್ಲಿ ಹಿಂದೆ ಹಿಂದೆ ಹೋಗಿ, ಸುತ್ತು ಹಾಕಿ ತಲುಪುವಾಗ ಮುಹೂರ್ತ ಮೀರುತ್ತದೆ ಎಂದು ಸೋದರಮಾವನ ಮುಖ ಬಿಳಿಚಿತು. ಅವರು ಗಡಿಯಾರ ನೋಡುತ್ತ ಅಂಗಳದಲ್ಲಿ ಅತ್ತಿಂದಿತ್ತ ನಡೆಯತೊಡಗಿದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಚಾಲಕನಿಗೆ ಒಂದೂ ಕೇಳಿಸುತ್ತಿರಲಿಲ್ಲ.

ರಕ್ಷಿತಾ ನನ್ನ ಕೈ ಹಿಡಿದು ಎಳೆದಳು. "ಟೀಚರ್, ನಡೆದು ದಾಟಿಸುವ. ಆಚೆಯಿಂದ ಹಾಲ್ ಹತ್ತಿರವೇ ಉಂಟು."

ಸಂಕದಲ್ಲಿ ಒಮ್ಮೆಗೆ ಒಬ್ಬರೇ ಹೋಗಬೇಕು. ರಕ್ಷಿತಾ ಮುಂದೆ ನಿಂತು ಹೇಗೆ ಕಾಲಿಡಬೇಕೆಂದು ತೋರಿಸಿದಳು. ಅಫ್ರೀನಾ ವಾಮದಪದವು ಜಂಕ್ಷನ್ನಿನ ರಿಕ್ಷಾ ಸ್ಟ್ಯಾಂಡಿನಲ್ಲಿದ್ದ ತನ್ನ ಮಾವನಿಗೆ ಫೋನ್ ಮಾಡಿ, ಆಗ ತಾನೇ ಗುರುತು ಹಾಕಿದ ಜಾಗವನ್ನು ಕಳಿಸಿ, ಇದ್ದಷ್ಟು ರಿಕ್ಷಾ ತೆಗೆದುಕೊಂಡು ಅಲ್ಲಿಗೇ ಬನ್ನಿ, ಬೇರೆ ದಾರಿ ನಂಬಬೇಡಿ ಎಂದಳು. ನೀರು ಕಡಿಮೆ ಇದ್ದದ್ದರಿಂದ ದಿಬ್ಬಣದ ಗಂಡಸರು ಪಂಚೆ ಎತ್ತಿ ಕಟ್ಟಿ ತೋಡಿಗೇ ಇಳಿದರು. ಮದುಮಗ ಸಂಕಕ್ಕೆ ಕಾಲಿಡುವ ಮೊದಲು ನಮ್ಮ ಕೈಯಲ್ಲಿದ್ದ ಫೋನು, ಕಾಗದ ನೋಡಿ ಇದೆಲ್ಲ ಎಂತ ಎಂದು ಕೇಳಿದ. ಈ ರಸ್ತೆ ಸುಳ್ಳು ಎಂದು ನಾವು ಹೇಳಿದರೆ ಯಾರೂ ನಂಬುವುದಿಲ್ಲ ಎಂದು ರಕ್ಷಿತಾ ಹೇಳಿದಳು. ಅವನು ಒಮ್ಮೆ ಬಸ್ಸನ್ನು ನೋಡಿದ, ಒಮ್ಮೆ ನೀರನ್ನು ನೋಡಿದ.

"ಹಾಗಾದ್ರೆ ನನ್ನದೇ ಫೋಟೊ ತೆಗೀರಿ" ಎಂದ. "ಮದುಮಗನನ್ನು ನಂಬ್ತಾರೆ."

ಪೇಟ ಸರಿಮಾಡಿಕೊಂಡು ನೀರಿನ ಅಂಚಿನಲ್ಲಿ ನಿಂತ. ಹಿಂದೆ ಹೂವಿನ ಬಸ್ಸು, ಪಕ್ಕದಲ್ಲಿ ಸಂಕ, ಮುಂದೆ ತೋಡು. ಸೋದರಮಾವ ಹೊತ್ತಾಯಿತು ಎಂದು ಕೂಗುತ್ತಿದ್ದರು. ಆ ಗಡಿಬಿಡಿಯಲ್ಲೂ ಫೋಟೊ ನೆಟ್ಟಗೆ ಬಂತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಕೂತಲ್ಲೇ ನಗು ಬರುತ್ತದೆ. ಜರಿ ಸೀರೆಯ ಹೆಂಗಸರು ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಬಿದಿರು ಹಿಡಿದು ದಾಟುವುದು, ಮಧ್ಯಕ್ಕೆ ಬಂದಾಗ ಸಂಕ ತೂಗುವುದು, ತೂಗಿದ ಕೂಡಲೇ ಎರಡೂ ದಡದಲ್ಲಿ ನಗೆ ಏಳುವುದು. ಬಸ್ಸಿನಲ್ಲಿ ಬಿಗಿ ಮುಖ ಮಾಡಿ ಕೂತಿದ್ದವರೂ ದಾಟಿದ ಮೇಲೆ ಹಿಂದೆ ಬರುವವರಿಗೆ ಹಾಗೆ ಬನ್ನಿ, ಹೀಗೆ ಬನ್ನಿ ಎಂದು ಪಾಠ ಹೇಳುತ್ತಿದ್ದರು. ನನ್ನ ಕೈಗೆ ಯಾರೋ ಹಣ್ಣು, ತೆಂಗಿನಕಾಯಿ ತುಂಬಿದ ಹರಿವಾಣ ಕೊಟ್ಟರು. ಅದನ್ನು ಹಿಡಿದರೆ ಬಿದಿರು ಹಿಡಿಯಲು ಕೈ ಇಲ್ಲ. ನಾನೂ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೆ. ತಣ್ಣಗಿನ ನೀರಿನಲ್ಲಿ ಮರಳು ಕಾಲಡಿ ಜಾರುವಾಗ ಸಣ್ಣ ಹುಡುಗಿಯ ಹಾಗೆ ನಕ್ಕುಬಿಟ್ಟೆ. ಮಕ್ಕಳು ನನ್ನನ್ನು ಹಾಗೆ ಎಂದೂ ನೋಡಿರಲಿಲ್ಲ.

ಆಚೆ ದಡ ಹತ್ತುವಾಗ ರಿಕ್ಷಾಗಳು ಸಾಲಾಗಿ ಬಂದು ನಿಂತಿದ್ದವು, ಅಫ್ರೀನಾ ಗುರುತು ಹಾಕಿದ ಜಾಗದಲ್ಲೇ. ಮೊದಲ ರಿಕ್ಷಾದಲ್ಲಿ ಮದುಮಗ ಹೊರಟ. ಮುಹೂರ್ತಕ್ಕೆ ಮೊದಲೇ ತಲುಪಿದ ಎಂದು ರಿಕ್ಷಾದವರೇ ಮರಳಿ ಬಂದು ಹೇಳಿದರು. ಜೊತೆಗೆ, ಟೀಚರನ್ನೂ ಮಕ್ಕಳನ್ನೂ ಬಿಡದೆ ಊಟಕ್ಕೆ ಕರೆದುಕೊಂಡು ಬರಬೇಕೆಂದು ಮದುಮಗನ ಅಪ್ಪಣೆ.

ನಾನು ಈಚೆ ದಡಕ್ಕೆ ತಿರುಗಿ ಕಲ್ಯಾಣಿಯಮ್ಮನನ್ನೂ ಕರೆದೆ. ಅವರು ದಡದಲ್ಲಿ ನಿಂತು ತಲೆ ಅಲ್ಲಾಡಿಸಿದರು. ಮೊಣಕಾಲು ನೋವು ಶುರುವಾದ ಮೇಲೆ ಅವರು ಸಂಕ ದಾಟುವುದನ್ನು ಬಿಟ್ಟಿದ್ದರು. ಆಚೆ ಬದಿಯ ಗುಡ್ಡೆಯಲ್ಲಿ ಅವರ ತಂಗಿಯ ಮನೆ. ಎರಡೂ ಅಂಗಳಗಳಿಂದ ಪರಸ್ಪರರ ಒಲೆಯ ಹೊಗೆ ಕಾಣುತ್ತದೆ. ಅಕ್ಕ ತಂಗಿ ಮಾತಾಡುವುದು ಫೋನಿನಲ್ಲಿ. ಈ ವಿಷಯ ನನಗೆ ಹೇಳಿದ್ದು ರಕ್ಷಿತಾ, ಸಭಾಭವನದಲ್ಲಿ ಪಾಯಸ ಬಡಿಸುವಾಗ. ಹುಡುಗಿ ಇಷ್ಟು ಹಟ ಹಿಡಿದದ್ದು ತನ್ನ ಹಾಜರಿಗಾಗಿ ಅಲ್ಲವೆಂದು ಆಗ ಗೊತ್ತಾಯಿತು.

ಸೋಮವಾರ ಮೂರನೇ ಬಾರಿ ಬರೆದೆವು. ದಾಖಲಿಸಿದ ದಾರಿ, ಸಂಕದ ಚಿತ್ರ, ಎಲ್ಲಕ್ಕಿಂತ ಮೇಲೆ ಮದುಮಗನ ಚಿತ್ರ. ಕೆಲವು ದಿನಗಳ ಬಳಿಕ ಹತ್ತನೇ ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ಫೋನು ಗುಂಯ್ ಎಂದಿತು. ನೋಡಿ, ರಕ್ಷಿತಾಳ ಕೈಗೆ ಕೊಟ್ಟೆ. ಅವಳು ನಕ್ಷೆ ತೆರೆದಳು. ಅಂಗಳದಲ್ಲಿ ಗೆರೆ ಇಲ್ಲ. ಹಟ್ಟಿಯ ಹತ್ತಿರ ಇಲ್ಲ. ತೋಡಿನ ಮೇಲೆ ಇಲ್ಲ. ಬರೇ ಹಸಿರು. ಕ್ಲಾಸು ಹುಚ್ಚೆದ್ದು ಹೋಯಿತು. ಬೆಂಚು ಬಡಿದರು, ಸ್ಕೇಲುಗಳನ್ನು ಹಾರಿಸಿದರು, ತೋಡಿಗೆ ಬೀಳುವ ವಾಕ್ಯ ಬರೆದ ಹುಡುಗ ಮೇಜಿನ ಮೇಲೆ ನಿಂತು ಕುಣಿದ. ಧರಣೇಂದ್ರ ಸರ್ ಓಡಿ ಬಂದರು. ಏನು ಬಂತು, ಏನು ಬಂತು ಎಂದು ಕೇಳಿದರು. ಬಂದದ್ದಲ್ಲ ಸರ್, ಹೋಯಿತು ಎಂದೆ. ಅವರು ಆ ಖಾಲಿ ಹಸಿರನ್ನು ಬಹಳ ಹೊತ್ತು ನೋಡಿ, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಾವೂ ಚಪ್ಪಾಳೆ ತಟ್ಟಿದರು.

ಹೊಸ ನಕ್ಷೆಯನ್ನು ಅಚ್ಚು ಹಾಕಿಸಿಕೊಂಡು ರಕ್ಷಿತಾ ಪಂಚಾಯತಿನಲ್ಲಿ ನಡೆದ ಮಕ್ಕಳ ಗ್ರಾಮಸಭೆಗೆ ಹೋದಳು. ತೋಡು ದಾಟಿದರೆ ಎಷ್ಟು ಹತ್ತಿರ, ಸುತ್ತು ಹಾಕಿದರೆ ಎಷ್ಟು ದೂರ ಎಂದು ಎರಡು ಬಣ್ಣದಲ್ಲಿ ತೋರಿಸಿದಳು. ಮುಗಿಸುವಾಗ ಅಧ್ಯಕ್ಷರೇ ಎದ್ದು ನಕ್ಷೆಯ ಹತ್ತಿರ ಬಂದಿದ್ದರು. ಮದುಮಗನ ಫೋಟೊ ಅಷ್ಟರಲ್ಲಿ ಊರಿನ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಆ ಮೇಲೂ ಅರ್ಜಿ ಹೋಗುವುದು, ಜನ ಬಂದು ಅಳೆಯುವುದು, ಮಳೆ ಎಂದು ನಿಲ್ಲುವುದು ಎಲ್ಲ ಇದ್ದೇ ಇತ್ತು. ರಕ್ಷಿತಾ ಹತ್ತನೇ ಮುಗಿಸಿ ಮೂಡುಬಿದಿರೆಗೆ ಕಾಲೇಜಿಗೆ ಹೋದಳು. ನಾನು ನಿವೃತ್ತಳಾದೆ. ನಿವೃತ್ತಳಾದ ಮರು ಬೇಸಗೆಯಲ್ಲಿ ಅವಳ ಫೋನ್ ಬಂತು. ಕಾಂಕ್ರೀಟು ಒಣಗಿದೆ, ನಾಳೆಯಿಂದ ಗಾಡಿ ಬಿಡುತ್ತಾರೆ, ನೀವು ಬರಲೇಬೇಕು ಟೀಚರ್.

ಹೋದೆ. ಸೇತುವೆ ಸಣ್ಣದೇ. ಎರಡು ಬದಿಗೆ ಸುಣ್ಣ ಬಳಿದ ಕಟ್ಟೆ, ಕೆಳಗೆ ತೋಡು ತನ್ನಷ್ಟಕ್ಕೆ ಹರಿಯುತ್ತಿತ್ತು. ಅಂಗಳದಲ್ಲಿ ರಿಕ್ಷಾ ನಿಂತಿತ್ತು. ಕಲ್ಯಾಣಿಯಮ್ಮ ಒಗೆದ ಸೀರೆ ಉಟ್ಟು, ಮಲ್ಲಿಗೆ ಮುಡಿದು, ತಂಗಿಗೆಂದು ಒಂದು ಬಾಳೆಗೊನೆ ಹಿಡಿದುಕೊಂಡು ಆಗಲೇ ಒಳಗೆ ಕೂತಿದ್ದರು. ನಾನು ಪಕ್ಕದಲ್ಲಿ, ರಕ್ಷಿತಾ ಅಂಚಿನಲ್ಲಿ. ಅವಳು ಫೋನಿನಲ್ಲಿ ನಕ್ಷೆ ತೆರೆದು ಹಿಡಿದಳು.

ರಿಕ್ಷಾ ಸೇತುವೆಗೆ ಹತ್ತಿತು. ನಕ್ಷೆಯಲ್ಲಿ ಅಲ್ಲಿ ಏನೂ ಇಲ್ಲವಲ್ಲ, ನಾವೇ ಅಳಿಸಿದ್ದು. ನಮ್ಮ ನೀಲಿ ಚುಕ್ಕಿ ರಸ್ತೆ ಬಿಟ್ಟು ಹಸಿರಿಗೆ ಇಳಿಯಿತು, ಹಸಿರು ಬಿಟ್ಟು ನೀರಿನ ಮೇಲೆ ತೇಲಿತು. ಫೋನಿನೊಳಗೆ ದಾರಿ ಹೇಳುವ ಹೆಂಗಸಿಗೆ ಗಾಬರಿಯಾಯಿತು. ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಎಂದು ಹೇಳತೊಡಗಿದಳು. ರಕ್ಷಿತಾ ನಗುತ್ತ ನಗುತ್ತ ನನ್ನ ಹೆಗಲ ಮೇಲೆ ಬಿದ್ದಳು. ರಿಕ್ಷಾದವನೂ ನಕ್ಕು ವೇಗ ಕಡಿಮೆ ಮಾಡಿದ. ಕಲ್ಯಾಣಿಯಮ್ಮ ಬಾಳೆಗೊನೆಯನ್ನು ಎದೆಗೊತ್ತಿ ಹಿಡಿದು, ಕತ್ತು ಹೊರಗೆ ಹಾಕಿ ಕೆಳಗಿನ ನೀರನ್ನು ನೋಡಿದರು. ಅವರು ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಆಚೆ ದಡ ಸೇರಿತು. ಗುಡ್ಡೆಯ ಬುಡಕ್ಕೇ ಇಳಿದು ಬಂದು ಅವರ ತಂಗಿ ಕಾಯುತ್ತಿದ್ದರು. ಕಲ್ಯಾಣಿಯಮ್ಮ ಇಳಿಯಲಿಲ್ಲ. ತಂಗಿಯನ್ನು ಕೈ ಬೀಸಿ ಹತ್ತಿರ ಕರೆದು, ಹತ್ತಿಸಿಕೊಂಡು, ನಮ್ಮನ್ನೆಲ್ಲ ಒತ್ತಿ ಜಾಗ ಮಾಡಿ, ರಿಕ್ಷಾದವನ ಬೆನ್ನು ತಟ್ಟಿದರು.

"ಇನ್ನೊಮ್ಮೆ ಹೋಗುವ ಮಾರಾಯ" ಎಂದರು.